ಅಪ್ಪಯ್ಯನ ಮೂರು ಚಕ್ರದ ಸೈಕಲ್

ಅಪ್ಪಯ್ಯನ ಎಡಗಾಲಿನ ಚಪ್ಪಲಿ ಹೆಬ್ಬೆರಳಿನ ಕೆಳಗೆ ಮಾತ್ರ ಸವೆಯುತ್ತಿತ್ತು. ದೀಪಾವಳಿಯ ಮರುವಾರ ಲಕ್ವ ಹೊಡೆದ ಮೇಲೆ ಅವರು ಆ ಕಾಲನ್ನು ಎಳೆದುಕೊಂಡೇ ನಡೆಯುತ್ತಿದ್ದರು. ಸೈಕಲ್ ಹತ್ತಿದರೆ ಎಡಕ್ಕೆ ಬೀಳುತ್ತಿದ್ದರು. ವಂಡ್ಸೆಯ ನಮ್ಮ ಮನೆಯಿಂದ ಅವರು ಕಲಿಸುತ್ತಿದ್ದ ಶಾಲೆಗೆ ಒಂದೂವರೆ ಮೈಲಿ. ಶಾಲೆಯ ಮ್ಯಾನೇಜರು ಬೇಸಿಗೆಯವರೆಗೆ ರಜೆ ಕೊಟ್ಟಿದ್ದರು. ಜೂನಿನಿಂದ ದಿನವೂ ಬರಲಾಗದಿದ್ದರೆ ಕೆಲಸ ಬಿಡಬೇಕು.

ನಾನು ಮಂಗಳೂರಿನಲ್ಲಿ ಬಿ.ಎ. ಮುಗಿಸಿ ಬಂದಿದ್ದೆ. ಸೈಕಲ್ಲಿಗೆ ಹಿಂದೆ ಎರಡು ಚಕ್ರ ಬರುವಂತೆ ನಕ್ಷೆ ಬರೆದವಳು ನಾನೇ. ಯುದ್ಧದ ಕಾಲ, ಹೊಸ ಚಕ್ರ ಎಲ್ಲೂ ಇರಲಿಲ್ಲ. ಬ್ರಹ್ಮಾವರದಲ್ಲಿ ತುಕ್ಕು ಹಿಡಿದದ್ದೊಂದು ಸಿಕ್ಕಿತು. ಚೈನು ಒಂದೇ ಚಕ್ರಕ್ಕಿರಬೇಕು, ಎರಡಕ್ಕೂ ಹಾಕಿದರೆ ತಿರುವಿನಲ್ಲಿ ಹಠ ಮಾಡುತ್ತದೆ ಎಂದು ಕಬ್ಬಿಣದ ಆಚಾರಿಗೆ ಎರಡು ಸಲ ಹೇಳಿದೆ. ಅವನು ಮೂರಡಿಯ ಅಚ್ಚು ಬಡಿದು ಕೂರಿಸಿ ನಕ್ಕ.

"ಹ್ವಾಯ್ ಮಾಷ್ಟ್ರೇ, ಗಾಡಿ ಆಯ್ತ್. ಎತ್ತ್ ಎಲ್ಲಿತ್?"

"ನಾನೇ ಎತ್ತ್ ಮಾರಾಯ," ಎಂದು ಅಪ್ಪಯ್ಯ ಹತ್ತಿ ಕೂತರು.

ಶಾಲೆಯ ದಾರಿಯಲ್ಲೊಂದು ಮಳೆನೀರಿನ ತೋಡು. ಬೇಸಿಗೆಯಲ್ಲಿ ಅದು ಒಣಗಿರುವುದರಿಂದ ಊರವರೆಲ್ಲ ಒಳಗಿಳಿದೇ ದಾಟುತ್ತಾರೆ. ಅಪ್ಪಯ್ಯನೂ ಹಾಗೆಯೇ ಅಭ್ಯಾಸ ಮಾಡಿದರು. ಒಮ್ಮೆಯೂ ಬೀಳಲಿಲ್ಲ. ನನಗೆ ಹೆಮ್ಮೆಯಾಗಿತ್ತು, ಯಾರಿಗೂ ಹೇಳಲಿಲ್ಲ.

ತೋಡು ದಾಟಲು ಸಂಕ ಹಾಕುವುದು ಮಳೆ ಹಿಡಿಯುವ ಮುಂಚಿನ ವಾರ. ಎರಡು ತೆಂಗಿನ ಮರ ಹಾಸಿದರೆ ಮುಗಿಯಿತು. ಹೆಚ್ಚು ಮರ ಕೊಡುವವರಿಲ್ಲ. ಹಿಂದೆಲ್ಲ ಅಪ್ಪಯ್ಯ ಸೈಕಲ್ಲನ್ನು ಹೆಗಲಿಗೇರಿಸಿ ದಾಟುತ್ತಿದ್ದರು. ಮನೆಯ ಬಾಗಿಲು, ಗದ್ದೆಯಂಚಿನ ದಾರಿ, ಶಾಲೆಯ ಗೇಟು ಎಲ್ಲವನ್ನೂ ಅಳೆದಿದ್ದ ನಾನು, ಹುಟ್ಟಿದಾಗಿನಿಂದ ದಾಟಿದ ಸಂಕವನ್ನು ನೆನೆದೇ ಇರಲಿಲ್ಲ. ಅಳೆಯುವಾಗ ಅದು ಅಲ್ಲಿರಲಿಲ್ಲ, ಅಷ್ಟೆ.

ಶಾಲೆ ತೆರೆದ ದಿನ ತೋಡು ಕೆಂಪಾಗಿ ತುಂಬಿ ಹರಿಯುತ್ತಿತ್ತು. ಮೂರಡಿ ಅಗಲದ ಗಾಡಿ ಎರಡೇ ಮರದ ಸಂಕದ ಮೇಲೆ ಹಿಡಿಸದೆ ನಿಂತಿತು. ಅದನ್ನು ಆಚೆ ದಡದಲ್ಲಿ ಇಟ್ಟುಕೊಂಡರೂ ಒದ್ದೆ ಮರದ ಮೇಲೆ ಅಪ್ಪಯ್ಯನ ಎಡಗಾಲು ನಿಲ್ಲುವುದಿಲ್ಲ. ಸುತ್ತಿ ಹೋಗಲು ಬೇರೆ ದಾರಿಯಿಲ್ಲ.

ಹಿಂದಿನಿಂದ ಬಂದ ನೆರೆಮನೆಯವರು, "ಬನ್ನಿ ಮಾಷ್ಟ್ರೇ, ನಾ ಹೊತ್ಕಂಡ್ ದಾಟಿಸ್ತೆ," ಎಂದರು.

"ದಿನಾ ಹೊರ್ತ್ಯಾ?" ಅಪ್ಪಯ್ಯ ಕೇಳಿದರು. "ಮಕ್ಳೆದ್ರಿಗೆ ಬ್ಯಾಡ."

"ತಪ್ಪು ನಂದು ಅಪ್ಪಯ್ಯ," ಎಂದೆ.

"ನಂಗೂ ನೆನ್ಪಾಯ್ಲಿಲ್ಲ ಅಲ್ದಾ. ಹಿಂದೆ ತಿರ್ಗಿಸ್."

ಗಾಡಿ ಹಿಡಿದು ತಿರುಗಿಸಿದೆ.

ಮರುದಿನ ಬೆಳಿಗ್ಗೆ ಅಪ್ಪಯ್ಯ ಬರೆದಿಟ್ಟ ರಾಜೀನಾಮೆಯನ್ನು ಎಣ್ಣೆಕಾಗದದಲ್ಲಿ ಸುತ್ತಿಕೊಂಡು, ಬರಿಗಾಲಲ್ಲಿ ಸಂಕ ದಾಟಿ, ಮ್ಯಾನೇಜರ ಕೈಗೆ ಕೊಟ್ಟು ಬಂದೆ.