ಚಿಕ್ಕಪ್ಪನ ಗಾಡಿಯ ಹದ

ಮೊನ್ನೆ ಶೋಳಿಂಗನಲ್ಲೂರಿನ ಸಿಗ್ನಲ್ಲಿನಲ್ಲಿ ನಿಂತಿದ್ದಾಗ ಪಕ್ಕದ ಬೈಕೊಂದರ ಸೈಲೆನ್ಸರ್ ಪಟಾರನೆ ಸಿಡಿಯಿತು. ಆಫೀಸು ಬಸ್ಸಿಗೆ ಕಾಯುತ್ತಿದ್ದವರೆಲ್ಲ ಬೆಚ್ಚಿ ತಿರುಗಿದರು. ನಾನು ತಿರುಗಲಿಲ್ಲ. ಹೊಸ ಸೈಲೆನ್ಸರ್ ಬಂದಿದೆ, ಹೊಸ ಏರ್ ಫಿಲ್ಟರ್ ಬಂದಿದೆ, ಗಾಳಿಗೆ ಪೆಟ್ರೋಲ್ ಬೆರೆಸುವ ಕಾರ್ಬುರೇಟರ್ ಮಾತ್ರ ಹಳೆಯ ಹದದಲ್ಲೇ ಉಳಿದಿದೆ ಎಂದು ಆ ಸದ್ದೇ ಹೇಳುತ್ತಿತ್ತು. ಇಷ್ಟೆಲ್ಲ ಹೇಳುವ ನಾನು ಮೆಕ್ಯಾನಿಕ್ ಎಂದುಕೊಳ್ಳಬೇಡಿ. ಇನ್ಶೂರೆನ್ಸ್ ಕಚೇರಿಯಲ್ಲಿ ಕುಳಿತು ಬೇರೆಯವರ ಅಪಘಾತಗಳನ್ನು ಓದುವವನು. ಮನೆಯಲ್ಲಿ ಮಿಕ್ಸಿ ಕೆಟ್ಟರೆ ಹೆಂಡತಿ ನನ್ನನ್ನು ಅದರ ಹತ್ತಿರಕ್ಕೂ ಬಿಡುವುದಿಲ್ಲ. ಈ ಒಂದು ವಿದ್ಯೆ ನನಗೆ ಅಂಟಿದ್ದು ಟ್ರಿಪ್ಲಿಕೇನಿನ ಚಿಕ್ಕಪ್ಪನ ಮನೆಯಲ್ಲಿ, ಅವರು ತೀರಿಕೊಂಡ ಮರುವರ್ಷ.

ಚಿಕ್ಕಪ್ಪ ರೈಲ್ವೆ ಕೆಲಸಕ್ಕೆಂದು ಮೈಸೂರಿನಿಂದ ಬಂದು ಇಲ್ಲೇ ನೆಲೆ ನಿಂತವರು. ಆಫೀಸಿನಲ್ಲಿ ತಮಿಳು, ಮನೆಯಲ್ಲಿ ಕನ್ನಡ, ಬೈಕಿನ ಜೊತೆ ಎರಡೂ. ಸಂಜೆ ಮನೆಗೆ ಬಂದರೆ ತಕ್ಷಣ ಎಂಜಿನ್ ಆರಿಸುತ್ತಿರಲಿಲ್ಲ. ಬಾಗಿಲಲ್ಲಿ ನಿಲ್ಲಿಸಿ, ತಲೆ ವಾರೆ ಮಾಡಿಕೊಂಡು ಕೇಳುತ್ತಿದ್ದರು. ಡುಗ್... ಡುಗ್... ಮುಂದಿನ ಬಡಿತ ಬರುವುದೇ ಇಲ್ಲವೇನೋ ಎನ್ನುವಷ್ಟು ನಿಧಾನ. ಒಳಗೆ ಚಿಕ್ಕಮ್ಮ ಆ ಸದ್ದಿಗೆ ಕಾಫಿಗೆ ನೀರಿಡುತ್ತಿದ್ದರು. ಬೇಕಾದುದಕ್ಕಿಂತ ಹೆಚ್ಚು ಪೆಟ್ರೋಲ್ ಕುಡಿಸುತ್ತೀರಲ್ಲ ಎಂದು ನಾನೊಮ್ಮೆ ಕೇಳಿದ್ದಕ್ಕೆ, "ಹೊಟ್ಟೆ ತುಂಬಾ ಕೊಡ್ಬೇಕು ಕಣೋ, ಆಗ ನಿಧಾನವಾಗಿ ಮಾತಾಡತ್ತೆ," ಅಂದಿದ್ದರು.

ಅವರು ಹೋದ ಮೇಲೆ ಚಿಕ್ಕಮ್ಮ ಬೀಗದ ಕೈ ನನ್ನ ಮುಂದೆ ಇಟ್ಟರು. "ನೀನು ಓಡ್ಸು. ನಿಂತ್ರೆ ತುಕ್ಕು ಹಿಡಿಯತ್ತೆ."

ಆಗಲೇ ಹಿಡಿದಿತ್ತು. ಸೈಲೆನ್ಸರ್ ತೂತುಬಿದ್ದಿತ್ತು, ಫಿಲ್ಟರಿನ ಸ್ಪಂಜು ಮುಟ್ಟಿದರೆ ಹಳೆಯ ಬ್ರೆಡ್ಡಿನಂತೆ ಉದುರುತ್ತಿತ್ತು. ಎರಡನ್ನೂ ಹೊಸದು ಹಾಕಿಸಿದೆ. ಅಲ್ಲಿಂದ ಶುರುವಾಯಿತು ತಕರಾರು. ಎಂಜಿನ್ನಿಗೆ ಗಾಳಿ ಸಲೀಸಾಗಿ ನುಗ್ಗತೊಡಗಿತು, ಹೊಗೆ ಸಲೀಸಾಗಿ ಹೊರಟಿತು, ಪೆಟ್ರೋಲ್ ಮಾತ್ರ ಹಳೆಯ ಅಳತೆಯಲ್ಲೇ ಬರುತ್ತಿತ್ತು. ಅಕ್ಕಿ ಹೆಚ್ಚಾಗಿ ನೀರು ಸಾಲದ ಅನ್ನದ ಹಾಗೆ. ಗಾಡಿ ಕೆಮ್ಮಿತು, ಸಿಡಿಯಿತು, ಕಾಯ್ದು ಕೆಂಡವಾಯಿತು. ಪೆಟ್ರೋಲ್ ಬರುವ ಜೆಟ್ಟನ್ನು ದೊಡ್ಡದು ಹಾಕಿಸಿದ ಮೇಲೆ ಉಳಿದದ್ದು ಕಾರ್ಬುರೇಟರಿನ ಪಕ್ಕದ ಒಂದು ಪುಟ್ಟ ತಿರುಪು. ಒಂದು ಕಡೆ ತಿರುಗಿಸಿದರೆ ಪೆಟ್ರೋಲ್ ಹೆಚ್ಚು, ಇನ್ನೊಂದು ಕಡೆಗೆ ಕಡಿಮೆ. ಕಿವಿಗೊಟ್ಟು ಹದ ಹಿಡಿಯಬೇಕು.

ಕ್ರೋಂಪೇಟೆಯ ನಮ್ಮ ಫ್ಲ್ಯಾಟಿನಲ್ಲಿ ಜಾಗವಿಲ್ಲದ್ದರಿಂದ ಬೈಕು ಚಿಕ್ಕಮ್ಮನ ಮನೆಯ ಇಕ್ಕಟ್ಟಾದ ಪ್ಯಾಸೇಜಿನಲ್ಲೇ ಇತ್ತು. ಭಾನುವಾರ ಹೋಗಿ ಹದ ಮಾಡಿ ಬರುತ್ತಿದ್ದೆ. ಮುಂದಿನ ಭಾನುವಾರ ಹೋದರೆ ಹದ ತಪ್ಪಿರುತ್ತಿತ್ತು. ಮೊದಲು ನನ್ನ ಕಿವಿಯನ್ನೇ ಬೈದುಕೊಂಡೆ. ಆಮೇಲೆ ತಿರುಪಿನ ತಲೆಯ ಮೇಲೂ ಪಕ್ಕದಲ್ಲೂ ಸೇರಿಸಿ ಬಿಳಿ ಬಣ್ಣದ ಒಂದು ಗೆರೆ ಎಳೆದು ಬಂದೆ. ವಾರ ಕಳೆದು ನೋಡಿದರೆ ಗೆರೆ ಮುರಿದಿತ್ತು. ತಿರುಪು ಅರ್ಧ ಸುತ್ತು ತಿರುಗಿತ್ತು, ಪೆಟ್ರೋಲ್ ಹೆಚ್ಚಾಗುವ ಕಡೆ.

"ಚಿಕ್ಕಮ್ಮ, ಗಾಡೀನ ಯಾರಾದ್ರೂ ಮುಟ್ಟಿದ್ರಾ?"

ಅವರು ಹುರುಳಿಕಾಯಿ ಬಿಡಿಸುತ್ತಿದ್ದರು. ತಲೆ ಎತ್ತಲಿಲ್ಲ. "ಅವರನ್ನ ಬಿಟ್ರೆ ಅದನ್ನ ಯಾರು ಮುಟ್ತಾರೋ?"

ಮುಟ್ಟುತ್ತಿದ್ದರು ಅನ್ನಲಿಲ್ಲ. ನಾನು ಕೇಳಿಸದವನಂತೆ ತಿರುಪನ್ನು ಮತ್ತೆ ಸರಿಮಾಡಿ ಎದ್ದೆ. ಆ ಹಾಡುಹಗಲಲ್ಲೂ ಪ್ಯಾಸೇಜಿನ ಕಡೆ ಬೆನ್ನು ಮಾಡಿ ಕೂರಲು ನನಗೆ ಆಗಲಿಲ್ಲ.

ಮುಂದಿನ ಸಲ ಗೆರೆ ನೋಡದೆ ಅವಸರದಲ್ಲಿ ಹೊರಟೆ. ಬೀಚ್ ರಸ್ತೆಗೆ ತಿರುಗುವಾಗ ಎಂಜಿನ್ ಎರಡು ಸಲ ಬಿಕ್ಕಳಿಸಿ ನಿಂತುಬಿಟ್ಟಿತು. ಬಸ್ಸೊಂದು ನನ್ನ ಮೊಣಕಾಲಿನ ಪಕ್ಕದಲ್ಲೇ ಬ್ರೇಕು ಹಾಕಿತು. ಡ್ರೈವರ್ ನನ್ನ ವಂಶವನ್ನೆಲ್ಲ ಸ್ಮರಿಸಿದ. ತಳ್ಳಿಕೊಂಡು ವಾಪಸು ಬಂದೆ. ಚಿಕ್ಕಮ್ಮ ಕಾಫಿ ತಂದುಕೊಟ್ಟರು. ಲೋಟ ತುಟಿಗೆ ತಂದಾಗ ಪೆಟ್ರೋಲ್ ವಾಸನೆ. ನನ್ನ ಕೈಯದಲ್ಲ, ನಾನು ಈಗಷ್ಟೇ ಸೋಪು ಹಾಕಿ ತೊಳೆದಿದ್ದೆ.

"ನೀವೇನಾ?"

ಅವರು ಮುಚ್ಚಿಡಲಿಲ್ಲ. "ಹೂಂ. ಅವರು ಕೂತು ತಿರುಗಿಸೋವಾಗ ಟಾರ್ಚ್ ಹಿಡಿತಿದ್ದೋಳು ನಾನೇ ತಾನೆ. ನೀನು ಮಾಡಿಟ್ಟು ಹೋಗೋ ಸದ್ದು ಬೇರೆ ಯಾರದೋ ಗಾಡಿ ಸದ್ದು. ಅದನ್ನ ಕೇಳಿದ್ರೆ ಅವರಿಗೆ ಮನೆ ಗೊತ್ತಾಗಲ್ಲ."

"ಚಿಕ್ಕಮ್ಮ, ನಾನು ಬಸ್ಸಿಗೆ ಸಿಕ್ತಿದ್ದೆ ಇವತ್ತು."

ಅವರ ಮುಖ ಬಿಳುಚಿಕೊಂಡಿತು. "ಇನ್ನೊಂದೇ ಸಲ, ನೀನು ಸ್ಟಾರ್ಟ್ ಮಾಡು. ನಾನು ತಿರುಗಿಸ್ತೀನಿ. ಅಪ್ಪುರಂ ಯಾವತ್ತೂ ಮುಟ್ಟಲ್ಲ," ಅಂದರು.

ಕಿಕ್ ಹೊಡೆದೆ. ಚಿಕ್ಕಮ್ಮ ಸೆರಗು ಸಿಕ್ಕಿಸಿಕೊಂಡು ಕುಕ್ಕರಗಾಲಲ್ಲಿ ಕೂತು, ಸಂಧಿವಾತದ ಬೆರಳುಗಳಲ್ಲಿ ಸ್ಕ್ರೂಡ್ರೈವರ್ ಹಿಡಿದರು. ಬಡಿತ ನಿಧಾನವಾಯಿತು. ಇನ್ನೂ ನಿಧಾನ. ಹೊಸ ಸೈಲೆನ್ಸರಿನಲ್ಲಿ ಆ ಸದ್ದು ಬರಬಾರದು. ಬಂತು. ಡುಗ್... ಡುಗ್... ನನ್ನ ತೋಳಿನ ರೋಮ ನಿಮಿರಿತು. ಮಹಡಿಯಲ್ಲಿ ಬಾಡಿಗೆಗಿದ್ದ ಹೆಂಗಸು ಕಿಟಕಿ ತೆಗೆದು, "ಸಾರ್ ವಂದುಟ್ಟಾರಾ, ಮಾಮಿ?" ಎಂದು ಕೂಗಿದರು. ಸಾರ್ ಬಂದರಾ ಎಂದು. ಕೇಳಿದ ಮೇಲೆ ಅವರಿಗೇ ನೆನಪಾಗಿರಬೇಕು. ಕಿಟಕಿ ಮೆಲ್ಲಗೆ ಮುಚ್ಚಿಕೊಂಡಿತು.

"ಸಾಕು, ಆರ್ಸು," ಅಂದರು ಚಿಕ್ಕಮ್ಮ.

ಬೀಗದ ಕೈ ತಿರುಗಿಸಿ ಹೊರಗೆಳೆದೆ. ಎಂಜಿನ್ ನಿಲ್ಲಲಿಲ್ಲ. ಕೀಲಿ ನನ್ನ ಅಂಗೈಯಲ್ಲಿದೆ, ಗಾಡಿ ಬಡಿದುಕೊಳ್ಳುತ್ತಲೇ ಇದೆ. ಚಿಕ್ಕಮ್ಮ ಗಾಡಿಯನ್ನು ನೋಡುತ್ತಿರಲಿಲ್ಲ. ಎದ್ದು ಬೀದಿಬಾಗಿಲ ಕಡೆ ನೋಡಿ, ಗೋಡೆಗೆ ಒತ್ತಿ ನಿಂತು, ಯಾರಿಗೋ ದಾರಿ ಬಿಟ್ಟರು. "ಬನ್ನಿ," ಅಂದರು, ಮಾಮೂಲು ದನಿಯಲ್ಲಿ. ಎಂಜಿನ್ ಆಗ ನಿಂತಿತು.

ಕೀಲಿ ತೆಗೆದ ಮೇಲೂ ಎಂಜಿನ್ ಬಡಿದುಕೊಂಡದ್ದಕ್ಕೆ ಕಾರಣವುಂಟು. ಪೆಟ್ರೋಲ್ ಹೆಚ್ಚಾಗಿ ಉರಿದರೆ ಒಳಗೆ ಮಸಿ ಕಟ್ಟುತ್ತದೆ. ಆ ಮಸಿ ಕಾಯ್ದು ಕೆಂಪಾದರೆ ಕಿಡಿ ಇಲ್ಲದೆಯೂ ಬೆಂಕಿ ಹತ್ತಿಕೊಳ್ಳುತ್ತದೆ. ಕೇಳಿದವರಿಗೆಲ್ಲ ನಾನು ಹಾಗೇ ಹೇಳುತ್ತೇನೆ.

ಚಿಕ್ಕಮ್ಮ ಸ್ಕ್ರೂಡ್ರೈವರನ್ನು ಸೆರಗಿನಲ್ಲಿ ಒರೆಸಿ ನನ್ನ ಕೈಗಿಟ್ಟರು. "ಇನ್ಮೇಲೆ ನಿಂಗೆ ಹೇಗೆ ಬೇಕೋ ಹಾಗೆ ಮಾಡ್ಕೋಪ್ಪ. ಅವರು ಇನ್ನು ಹೊರಗೆ ಹೋಗಲ್ಲ."

ಮಾತಿಗೆ ತಪ್ಪಲಿಲ್ಲ ಅವರು. ನಾನು ಹಾಕಿದ ಬಿಳಿ ಗೆರೆ ಆಮೇಲೆ ಒಮ್ಮೆಯೂ ಮುರಿದಿಲ್ಲ, ಗಾಡಿ ನಡುದಾರಿಯಲ್ಲಿ ಕೈಕೊಟ್ಟಿಲ್ಲ. ಚಿಕ್ಕಮ್ಮ ಗೆಲುವಾಗಿದ್ದಾರೆ, ಎರಡು ಹೊತ್ತು ಊಟ ಮಾಡುತ್ತಾರೆ, ಒಳಗಿನ ಕೋಣೆಯಲ್ಲಿ ಆಗಾಗ ಮೆಲುದನಿಯಲ್ಲಿ ಮಾತಾಡುತ್ತಾರೆ. ನಾನು ಈಗಲೂ ಭಾನುವಾರ ಹೋಗುತ್ತೇನೆ. ಆ ಪ್ಯಾಸೇಜಿನಲ್ಲಿ ನಾನೊಬ್ಬನೇ ಇದ್ದರೂ ನಡುವೆ ನಡೆಯುವುದಿಲ್ಲ. ಗೋಡೆಗೆ ಒತ್ತಿಕೊಂಡೇ ಹೋಗುತ್ತೇನೆ.