ಪಾಳಿಯಲ್ಲಿ ಅಕ್ಕನೇ ಮೊದಲು

ನನಗೆ ವಯಸ್ಸಾಗಿದೆ, ಮರೆವು ಬಂದಿಲ್ಲ. ಮೂವತ್ತು ವರ್ಷಕ್ಕೂ ಮಿಗಿಲಾಗಿ ಪ್ರೌಢಶಾಲೆಯಲ್ಲಿ ಗಣಿತ ಕಲಿಸಿದೆ. ಚುನಾವಣೆ ಬಂದಾಗಲೆಲ್ಲ ಸರ್ಕಾರ ನನ್ನನ್ನು ಮತಗಟ್ಟೆಯ ಅಧ್ಯಕ್ಷಾಧಿಕಾರಿ ಮಾಡಿ ಕಳಿಸುತ್ತಿತ್ತು. ಸ್ವಂತ ಕ್ಷೇತ್ರವಾದ ಯಲಬುರ್ಗಾ ಬಿಟ್ಟು ಬೇರೆಡೆಗೇ ಕಳಿಸುವುದು ಪದ್ಧತಿ. ಹೀಗಾಗಿ ಕೊಪ್ಪಳ, ಗಂಗಾವತಿ, ಕುಷ್ಟಗಿಗಳ ಎಷ್ಟೋ ಶಾಲೆಗಳಲ್ಲಿ ಕಪ್ಪುಹಲಗೆಯ ಕೆಳಗೆ ನಾನು ಹಾಸಿಗೆ ಬಿಚ್ಚಿದ್ದೇನೆ. ಆ ಊರುಗಳೆಲ್ಲ ನೆನಪಿವೆ. ಆ ಊರುಗಳಲ್ಲಿ ನನಗಾದ ಅವಮಾನಗಳೂ ನೆನಪಿವೆ.

ಕುಷ್ಟಗಿ ಕಡೆಯ ಒಂದು ಹಳ್ಳಿಯಲ್ಲಿ ಹಿರಿಯನೊಬ್ಬ ನೀರಿನ ಕೊಡ ಇಟ್ಟು, ಲೋಟವನ್ನು ಮಾತ್ರ ಮನೆಗೆ ತೆಗೆದುಕೊಂಡು ಹೋದ. ಕಾಲುವೆ ಭಾಗದಲ್ಲಿ ಆಂಧ್ರದ ರೈತರು ಬಂದು ನೆಲೆಸಿದ ಒಂದು ಕ್ಯಾಂಪಿನಲ್ಲಿ ಪಕ್ಷದ ಏಜೆಂಟನೊಬ್ಬ ನನ್ನ ಎದುರಿಗೇ ಕುಳಿತು, ಈ ಮಾಸ್ತರ ಬರೀ ಕಾಗದ ತಿನ್ನುವ ಹುಳ ಎಂದು ಪಕ್ಕದವನಿಗೆ ತೆಲುಗಿನಲ್ಲಿ ಹೇಳಿದ. ನನಗೆ ತೆಲುಗು ಬರುತ್ತದೆಂಬುದು ಅವನಿಗೆ ಗೊತ್ತಿರಲಿಲ್ಲ. ಸಂಜೆ ಅವನ ಸಹಿ ಪಡೆಯುವಾಗ ತೆಲುಗಿನಲ್ಲೇ ಕೇಳಿ ಪಡೆದೆ. ಅದೇ ಮನುಷ್ಯ ಬಸ್ಸಿನವರೆಗೆ ಮತಯಂತ್ರದ ಪೆಟ್ಟಿಗೆಯ ಜೊತೆ ನಡೆದು ಬಂದು, ನನ್ನ ಚೀಲ ಹೊತ್ತು ತಂದುಕೊಟ್ಟ. ಅದನ್ನೂ ಬರೆಯದೆ ಬಿಟ್ಟರೆ ಅನ್ಯಾಯವಾಗುತ್ತದೆ. ಗಿಣಿಗೇರಾದಲ್ಲಿ ಕಾರ್ಖಾನೆಯ ಕೆಲಸ ಮುಗಿಸಿ, ಮೈಮೇಲಿನ ಕಬ್ಬಿಣದ ಧೂಳನ್ನೂ ಕೊಡವದೆ ಬಾಗಿಲು ತೆರೆಯುವ ಮೊದಲೇ ಬಂದು ನಿಂತಿದ್ದವರನ್ನು ಕಂಡಾಗ ಮಾತ್ರ ನನಗೆ ಯಾರ ಮೇಲೂ ಸಿಟ್ಟು ಬಂದಿರಲಿಲ್ಲ.

ಇಷ್ಟು ಹೇಳಿದ್ದಕ್ಕೆ ಕಾರಣವಿದೆ. ಅವಮಾನ ಮರೆಯದ ನನ್ನ ಈ ಸ್ವಭಾವವೇ ಹೋದ ವಿಧಾನಸಭಾ ಚುನಾವಣೆಯಲ್ಲಿ ನನ್ನ ಅಕ್ಕನ ಮತವನ್ನು ಕಳೆಯುವುದರಲ್ಲಿತ್ತು.

ನಮ್ಮದು ಕುಕನೂರಿಗೆ ಹತ್ತಿರದ ಹಳ್ಳಿ. ಅಕ್ಕ ನನಗಿಂತ ಹತ್ತು ವರ್ಷ ದೊಡ್ಡವಳು, ಎಂಬತ್ತು ದಾಟಿದವಳು. ಕೊಟ್ಟದ್ದು ಊರಲ್ಲೇ ಆದ್ದರಿಂದ ನಮ್ಮ ಎದುರು ಮನೆಯೇ ಅವಳ ಮನೆ. ಮಗ, ಸೊಸೆ, ಎರಡು ಎಮ್ಮೆ, ಎಲ್ಲವೂ ಅವಳ ಮಾತಿನಂತೆ ನಡೆಯುತ್ತವೆ. ಮತದಾನದ ದಿನ ನಮ್ಮೂರ ಶಾಲೆಯ ಹೆಂಗಸರ ಪಾಳಿಯಲ್ಲಿ ಮೊದಲು ನಿಲ್ಲುವವಳು ಅವಳು. ಇದು ಯಾರೂ ಬರೆದುಕೊಟ್ಟ ಹಕ್ಕಲ್ಲ, ಆದರೆ ಓಣಿಯ ಯಾವ ಹೆಂಗಸೂ ಅವಳ ಮುಂದೆ ನಿಂತದ್ದಿಲ್ಲ. ಇಳಕಲ್ ಸೀರೆ ಉಟ್ಟು, ಓಣಿಯ ನಾಲ್ಕೈದು ಮಂದಿಯನ್ನು ಕೂಗಿ ಎಬ್ಬಿಸಿ ಕರೆದುಕೊಂಡು ಹೋಗುತ್ತಾಳೆ. ತಲೆಯ ಮೇಲೆ ಒಂದು ರೊಟ್ಟಿಯ ಗಂಟು ಇರುತ್ತದೆ. ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ, ಮತಗಟ್ಟೆಯ ಸಿಬ್ಬಂದಿಗೆ. ನಾನು ಕೆಲಸದಲ್ಲಿದ್ದಷ್ಟು ಕಾಲ ಆ ದಿನ ಊರಲ್ಲಿ ಇರುತ್ತಿರಲಿಲ್ಲವಾದ್ದರಿಂದ ಇದನ್ನು ಕಣ್ಣಾರೆ ಕಂಡದ್ದು ನಿವೃತ್ತನಾದ ಮೇಲೆ.

ಹೋದ ಸಲಕ್ಕೂ ಹಿಂದಿನ ವಿಧಾನಸಭಾ ಚುನಾವಣೆಯಲ್ಲಿ ನಾನು ಮತಗಟ್ಟೆಗೆ ಹೋದಾಗ ಅಕ್ಕ ಗೋಡೆಗೆ ಕೈಯೂರಿ ನಿಂತಿದ್ದಳು. ಮೊಣಕಾಲು ನೋವಿನವಳು. ಒಳಗೆ ಕುರ್ಚಿಗಳು ಖಾಲಿ ಇದ್ದವು. ಅಧ್ಯಕ್ಷಾಧಿಕಾರಿ ತರುಣ. ಹಿರಿಯರಿಗೆ ಆಸನ ಕೊಡಬೇಕೆಂಬ ಸೂಚನೆಯನ್ನು ಅವನಿಗೆ ಓದಿ ಹೇಳಬೇಕೆಂದು ನಾಲಿಗೆಯ ತುದಿಗೆ ಬಂದಿತ್ತು. ಕರ್ತವ್ಯದಲ್ಲಿರುವವನ ಜೊತೆ ವಾದಿಸಬಾರದೆಂದು ತಡೆದುಕೊಂಡೆ. ಆದರೆ ಮರೆಯಲಿಲ್ಲ. ಐದು ವರ್ಷ ಮರೆಯಲಿಲ್ಲ.

ಆದ್ದರಿಂದ ಈ ಸಲ, ಎಂಬತ್ತು ದಾಟಿದವರು ಮನೆಯಲ್ಲೇ ಮತ ಹಾಕಬಹುದು ಎಂದು ಅಂಗನವಾಡಿಯ ಕಾರ್ಯಕರ್ತೆ ಅರ್ಜಿ ಹಿಡಿದು ಬಂದಾಗ, ನನಗೆ ಆ ಕುರ್ಚಿಯೇ ಕಣ್ಣ ಮುಂದೆ ಬಂತು. ನಾನೇ ಚೆಂದದ ಅಕ್ಷರದಲ್ಲಿ ಅರ್ಜಿ ತುಂಬಿ, ಎದುರು ಮನೆಗೆ ಹೋದೆ. ಅಕ್ಕ ಎಮ್ಮೆಗೆ ಹೊಟ್ಟು ಹಾಕುತ್ತಿದ್ದಳು.

“ವೋಟಿಂದು ಕಾಗದ ಐತಿ. ಸಹಿ ಮಾಡು” ಎಂದೆ.

ಕೈ ಒರೆಸಿಕೊಂಡು ಸಹಿ ಮಾಡಿದಳು. ಏನು, ಎತ್ತ ಎಂದು ಕೇಳಲಿಲ್ಲ. ಚುನಾವಣೆಯ ಕಾಗದದಲ್ಲಿ ತಮ್ಮನನ್ನು ಕೇಳುವುದೇನಿದೆ ಎಂಬ ಭರವಸೆ.

ಒಮ್ಮೆ ಈ ಅರ್ಜಿ ಒಪ್ಪಿಗೆಯಾದರೆ ಮತದಾರರ ಪಟ್ಟಿಯಲ್ಲಿ ಹೆಸರಿನ ಮುಂದೆ ಗುರುತು ಬೀಳುತ್ತದೆ. ಆಮೇಲೆ ಮತಗಟ್ಟೆಗೆ ಹೋದರೂ ಮತ ಹಾಕಲು ಬಿಡುವುದಿಲ್ಲ. ಅಧಿಕಾರಿಗಳ ತಂಡ ಮನೆಗೆ ಎರಡು ಸಲ ಬರುತ್ತದೆ. ಎರಡೂ ಸಲ ಮತದಾರ ಸಿಗದಿದ್ದರೆ ಆ ಮತ ಹೋದಂತೆಯೇ. ಇದೆಲ್ಲ ನನಗೆ ತಿಳಿದಿತ್ತು. ಅಕ್ಕನಿಗೆ ಹೇಳಬೇಕೆಂಬುದು ಮಾತ್ರ ಹೊಳೆಯಲಿಲ್ಲ.

ತಂಡ ಬರುವ ಹಿಂದಿನ ದಿನ ಅಂಗನವಾಡಿಯಾಕೆ ಬಂದು, “ಅಮ್ಮಾರ, ನಾಳೆ ಮನ್ಯಾಗ ಇರ್ರಿ, ವೋಟು ಹಾಕಿಸ್ಕೊಳ್ಳಾಕ ಬರ್ತಾರ” ಎಂದಳಂತೆ. ಅಕ್ಕ ನೇರ ನಮ್ಮ ಮನೆಗೆ ಬಂದಳು. ಚಪ್ಪಲಿ ಬಿಡಲಿಲ್ಲ.

“ನಾ ಏನು ಹಾಸಿಗಿ ಹಿಡದೀನೇನೋ ತಮ್ಮಾ?”

“ಹಂಗಲ್ಲ ಯಕ್ಕಾ. ನಿನ್ನ ಮೊಣಕಾಲು...”

“ಮೊಣಕಾಲು ನಂದು. ಎಮ್ಮಿ ಹಿಂದ ಓಡಾಕ ಬರತೈತಿ, ಸಾಲಿಗೆ ಹೋಗಾಕ ಬರೂದಿಲ್ಲೇನು? ಓಣಿ ಮಂದಿ ಏನಂತಾರ? ಮುದುಕಿ ಆತು, ಇದನ್ನ ಮನ್ಯಾಗ ಕುಂದ್ರಿಸ್ಯಾರ ಅಂತಾರ. ಒಲ್ಲೆ. ನಾ ಸಾಲಿಗೇ ಹೋಗಾಕಿ.”

“ಹೋದ್ರ ಅಲ್ಲಿ ಬಿಡೂದಿಲ್ಲ. ಹೆಸರಿನ ಮುಂದ ಗುರುತು ಬಿದ್ದೈತಿ.”

“ಯಾರು ಬೀಳಿಸ್ಯಾರ?”

ಉತ್ತರಕ್ಕೂ ಕಾಯದೆ ಅವಳು ಎದುರು ಮನೆಗೆ ತಿರುಗಿ ನಡೆದಳು.

ಮರುದಿನ ತಂಡ ಬಂದಾಗ ಅಕ್ಕನ ಮನೆಗೆ ಬೀಗ ಬಿದ್ದಿತ್ತು. ಮಗ, ಸೊಸೆ ಹೊಲದಲ್ಲಿದ್ದರು. ಅಕ್ಕ ಊರ ಆ ತುದಿಯ ಯಾರದೋ ಮನೆಯಲ್ಲಿ ಹುಣಸೆಹಣ್ಣಿನ ಬೀಜ ಬಿಡಿಸುತ್ತ ಕುಳಿತಿದ್ದಾಳೆಂದು ನನಗೆ ತಿಳಿದದ್ದು ತಂಡ ಹೋದ ಮೇಲೆ. ತಂಡದ ಮುಖ್ಯಸ್ಥೆ, ಶಿಕ್ಷಕಿಯೇ ಇರಬೇಕು, ವಿಡಿಯೊದವನಿಗೆ ಬೀಗವನ್ನು ಚಿತ್ರೀಕರಿಸಲು ಹೇಳಿ, ಪಟ್ಟಿಯಲ್ಲಿ ‘ಗೈರು’ ಎಂದು ಬರೆದಳು. ಶಾಲೆಯ ಹಾಜರಿ ಪುಸ್ತಕದಲ್ಲಿ ನಾನು ಎಷ್ಟೋ ಮಕ್ಕಳ ಹೆಸರಿನ ಮುಂದೆ ಬರೆದ ಮಾತು. ಅಕ್ಕನ ಹೆಸರಿನ ಮುಂದೆ ಅದನ್ನು ಓದಿದ್ದು ಅದೇ ಮೊದಲು.

“ಇನ್ನೊಂದು ಸಲ ಬರ್ತೀವ್ರಿ ಸರ್, ನಾಡದು. ಅದs ಕಡೀದು” ಎಂದಳು ಆಕೆ.

ಸಂಜೆ ಅಕ್ಕನ ಕಟ್ಟೆಗೆ ಹೋಗಿ ಕುಳಿತೆ. ಕಾನೂನು ಹೇಳಿದೆ, ಕೇಳಲಿಲ್ಲ. ಕಡೆಗೆ ನಿಜ ಹೇಳಿದೆ: ಹಿಂದಿನ ಸಲ ಆ ತರುಣ ಅವಳನ್ನು ನಿಲ್ಲಿಸಿ ಅವಮಾನ ಮಾಡಿದ್ದು ಇನ್ನೂ ನನ್ನ ಮನಸ್ಸಿನಲ್ಲಿದೆ, ಅಂಥದು ಮತ್ತೆ ಆಗಬಾರದೆಂದೇ ಈ ಅರ್ಜಿ ಹಾಕಿದೆ ಎಂದು.

ಅಕ್ಕ ನನ್ನನ್ನು ನೋಡಿ, ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕಳು.

“ಆ ಹುಡುಗ? ಖುರ್ಚಿ ತಂದು ಹಾಕಿದ್ದೋ ಅಂವ. ಎರಡು ಸಲ ಕುಂದ್ರಬೇ ಅಂದ. ನಾನs ಒಲ್ಲೆ ಅಂದೆ. ಪಾಳಿ ಬಿಟ್ಟು ಕುಂತ್ರ ಮೊದಲ್ನೇ ನಂಬರ್ ಹೋಕ್ಕೈತಿ ಅಂತ ನಿಂತಿದ್ದೆ. ಒಂದು ಮಾತು ಕೇಳಬಾರದಾ ನೀ? ಐದು ವರ್ಷ ಅಂವನ ಮ್ಯಾಲೆ ಸಿಟ್ಟು ಇಟ್ಕೊಂಡಿಯಾ?”

ಸೆರಗು ಸರಿಮಾಡಿಕೊಂಡು ಅವಳೇ ಮುಂದುವರಿಸಿದಳು.

“ಅಂವ ಎಷ್ಟು ಹಸಿದಿದ್ದ ಅಂತೀ! ನಾಕು ರೊಟ್ಟಿ ತಿಂದ. ನೀನೂ ಎಲ್ಲೋ ಒಂದು ಊರಾಗ ಹಿಂಗ ಹಸಕೊಂಡು ಕುಂತಿರ್ತಿದ್ದಿ. ನಾ ಇಲ್ಲಿ ಬಂದವರಿಗೆ ಹಾಕಿದ್ರ, ಅಲ್ಲಿ ಯಾರರ ನಿನಗ ಹಾಕ್ಯಾರು ಅಂತ ರೊಟ್ಟಿ ಒಯ್ಯಾಕ ಹತ್ತಿದ್ದು. ಆಮ್ಯಾಲೆ ರೂಢಿ ಆತು.”

ಲೋಟ ಒಯ್ದ ಹಿರಿಯನನ್ನು ಇಷ್ಟು ವರ್ಷ ಜೋಪಾನವಾಗಿ ನೆನಪಿಟ್ಟಿದ್ದೆ. ಅದೇ ಊರಿನಲ್ಲಿ ಮಧ್ಯಾಹ್ನ ಹೆಸರು ಹೇಳದೆ ಬುಟ್ಟಿ ಇಟ್ಟು ಹೋದ ಹೆಂಗಸಿನ ಮುಖ ಹೇಗಿತ್ತೆಂದು ನೆನಪು ಮಾಡಿಕೊಳ್ಳಲು ನೋಡಿದೆ. ಬರಲಿಲ್ಲ. ಊಟದ ರುಚಿ ನೆನಪಿತ್ತು; ಮುಖ ಇರಲಿಲ್ಲ.

“ತಪ್ಪಾತು ಯಕ್ಕಾ. ಆದ್ರ ನಾಡದು ನೀ ಹಾಕಲಿಲ್ಲಂದ್ರ ನಿನ್ನ ವೋಟು ಹೋಕ್ಕೈತಿ. ನನ್ನ ಕೈಯಿಂದ ಹೋಕ್ಕೈತಿ” ಎಂದೆ.

“ಎಮ್ಮಿ ಹಿಂಡೂ ಹೊತ್ತಾತು” ಎಂದು ಎದ್ದಳು.

ಎರಡನೆಯ ಸಲ ತಂಡ ಬಂದಾಗ ಬೀಗ ಇರಲಿಲ್ಲ. ಅಕ್ಕ ಇಳಕಲ್ ಸೀರೆ ಉಟ್ಟು, ಹಣೆಗೆ ದೊಡ್ಡ ಕುಂಕುಮ ಇಟ್ಟು ಪಡಸಾಲೆಯಲ್ಲಿ ಕುಳಿತಿದ್ದಳು. ಜೋಳದ ಚೀಲಗಳ ಮೇಲೆ ರಟ್ಟಿನ ಮರೆ ಇಟ್ಟರು. ಮತಪತ್ರ, ಎರಡು ಲಕೋಟೆ, ಪೆನ್ನು ಕೊಟ್ಟು ಶಿಕ್ಷಕಿ ಎಲ್ಲವನ್ನೂ ನಿಧಾನವಾಗಿ ವಿವರಿಸಿದಳು. ಹೇಳುವುದರಲ್ಲಿ ಒಂದು ತಪ್ಪೂ ಸಿಗಲಿಲ್ಲ; ನಾನು ಹುಡುಕಿದ್ದೆ.

ಅಕ್ಕ ಪೆನ್ನು ಹಿಡಿದು ನನ್ನ ಕಡೆ ತಿರುಗಿದಳು. “ನೀ ಯಾಕ ನಿಂತಿ? ಹೊರಗ ನಡಿ. ಇದು ಗುಪ್ತ ಮತದಾನ.”

“ಅವರು ಹೇಳೂದು ಖರೇರಿ ಸರ್” ಎಂದಳು ಶಿಕ್ಷಕಿ. ಬಾಗಿಲಲ್ಲಿದ್ದ ಪೊಲೀಸ್ ಪೇದೆಯೂ ನಗು ತಡೆದುಕೊಳ್ಳುತ್ತಿದ್ದ. ಎಷ್ಟೋ ಊರುಗಳಲ್ಲಿ ಇದೇ ಮಾತು ಹೇಳಿ ಎಷ್ಟೋ ಗಂಡಂದಿರನ್ನು ಹೊರಗೆ ಕಳಿಸಿದವನು ನಾನು. ಹೊರಗೆ ಬಂದು ಎಮ್ಮೆಯ ಜೊತೆ ನಿಂತೆ.

ಲಕೋಟೆ ಅಂಟಿಸಿ ಪೆಟ್ಟಿಗೆಗೆ ಹಾಕಿದ ಮೇಲೆ ಒಳಗೆ ಕರೆದರು. ಅಕ್ಕ ಎಡಗೈಯ ತೋರುಬೆರಳನ್ನು ಚಾಚಿಕೊಂಡು ಕುಳಿತಿದ್ದಳು.

“ಶಾಯಿ?”

“ಮನ್ಯಾಗ ಹಾಕಿದ್ದಕ್ಕ ಶಾಯಿ ಹಚ್ಚೂದಿಲ್ರಿ ಅಮ್ಮಾ” ಎಂದಳು ಶಿಕ್ಷಕಿ.

ಅಕ್ಕನ ಬೆರಳು ಸ್ವಲ್ಪ ಹೊತ್ತು ಹಾಗೆಯೇ ಇತ್ತು. ಆಮೇಲೆ ಕೈಯನ್ನು ಸೆರಗಿನೊಳಗೆ ಎಳೆದುಕೊಂಡಳು. ಮತ ಉಳಿದಿತ್ತು, ನಿಜ. ಆದರೆ ಅವಳ ಲೆಕ್ಕದಲ್ಲಿ ಅದಿನ್ನೂ ಪೂರ್ತಿಯಾಗಿರಲಿಲ್ಲ.

ಮತದಾನದ ದಿನ ಬೆಳಿಗ್ಗೆ ಓಣಿಯ ಹೆಂಗಸರು ಬಾಗಿಲಲ್ಲಿ ಕೂಗಿದರು. ಅಕ್ಕ ಅದೇ ಸೀರೆಯಲ್ಲಿ ಹೊರಟಳು. ರೊಟ್ಟಿಯ ಗಂಟನ್ನು ಈ ಸಲ ನಾನು ಹೊತ್ತೆ. ದಾರಿಯಲ್ಲಿ ಯಾರೋ ಒಬ್ಬಳು, “ಈ ಸಲ ಮಾಸ್ತರ್ರಿಗೆ ಡ್ಯೂಟಿ ಹತ್ತೈತೇನ್ರಿ?” ಎಂದು ಕೆಣಕಿದಳು. ನೆನಪಿಟ್ಟಿದ್ದೇನೆ.

ಶಾಲೆಯ ಗೇಟಿನ ಹೊರಗೆ ಬೇವಿನ ಮರದ ಕೆಳಗಿನ ಕಲ್ಲಿನ ಮೇಲೆ ಅಕ್ಕ ಕುಳಿತಳು. ಹೆಂಗಸರ ಪಾಳಿಯಲ್ಲಿ ಮೊದಲ ಜಾಗ ಒಂದಿಷ್ಟು ಹೊತ್ತು ಖಾಲಿಯೇ ಉಳಿಯಿತು. ಯಾರೂ ಮುಂದೆ ಹೋಗಲೊಲ್ಲರು. “ಏ, ನಿಂದ್ರು ಹೋಗ” ಎಂದು ಅವಳು ಸೊಸೆಗೆ ಗದರಿದ ಮೇಲೆಯೇ ಪಾಳಿ ನೆಟ್ಟಗಾದದ್ದು. ನಾನು ಒಳಗೆ ಹೋಗಿ ಗಂಟನ್ನು ಬಿಸಿಯೂಟದ ಅಡುಗೆಯವರ ಕೈಗೆ ಕೊಟ್ಟು, ಗಂಡಸರ ಪಾಳಿ ಹಿಡಿದು ಮತ ಹಾಕಿದೆ. ಶಾಯಿ ಹಚ್ಚುವವನ ಕೈ ಭಾರ. ಉಗುರು ತುಂಬಿ ಚರ್ಮದ ಮೇಲೂ ಹರಿದಿತ್ತು. ಇನ್ನೊಂದು ದಿನವಾಗಿದ್ದರೆ ಅವನಿಗೆ ಗೆರೆ ಹೇಗೆ ಎಳೆಯಬೇಕೆಂದು ತಿಳಿಸಿ ಹೇಳುತ್ತಿದ್ದೆ. ಆ ದಿನ ಏನೂ ಹೇಳದೆ, ಬೆರಳನ್ನು ಮೇಲೆತ್ತಿ ಹಿಡಿದು, ಆದಷ್ಟು ಬೇಗ ಬೇಗ ಗೇಟಿನ ಹೊರಗೆ ಬಂದೆ.

ಅಕ್ಕ ನನ್ನ ಕೈ ಹಿಡಿದು ನೋಡಿದಳು. “ಛಲೋ ಹಚ್ಯಾನ” ಎಂದಳು. ಆಮೇಲೆ ಆ ಕಡೆ, ಈ ಕಡೆ ಒಮ್ಮೆ ನೋಡಿ, ತನ್ನ ತೋರುಬೆರಳ ಉಗುರನ್ನು ನನ್ನ ಉಗುರಿನ ಹಸಿ ಶಾಯಿಗೆ ಒತ್ತಿದಳು.

ಇದು ಯಾವ ಸೂಚನೆಗೆ ವಿರುದ್ಧವೆಂದು ನನಗೆ ಗೊತ್ತಿಲ್ಲ, ಯಾವುದೋ ಒಂದಕ್ಕೆ ಖಂಡಿತ ವಿರುದ್ಧ. ಕೈ ಹಿಂದಕ್ಕೆ ಎಳೆದುಕೊಳ್ಳಲಿಲ್ಲ. ಸರಿಯಾಗಿ ಹತ್ತಲೆಂದು ಇನ್ನಷ್ಟು ಹೊತ್ತು ಒತ್ತಿ ಹಿಡಿದೆ.

ಅಕ್ಕ ಬೆರಳಿಗೆ ಊದಿಕೊಂಡಳು. ಪಾಳಿಯಲ್ಲಿದ್ದ ಓಣಿಯವರಿಗೆ ಕಾಣುವಂತೆ ಅದನ್ನು ಮೇಲೆತ್ತಿ, “ನಂದು ಮೊದಲs ಆಗೇತಿ, ನೀವು ಬರ್ರಿ ಹಿಂದಿಂದ” ಎಂದಳು.