ಕಿಟಕಿ ಪಕ್ಕದ ಬೆಡ್ಡಿಗೊಂದು ಟವೆಲ್

ಕಳೆದ ತಿಂಗಳು ರಾಮನಗರದ ಆಸ್ಪತ್ರೆಯೊಂದರಲ್ಲಿ ಡಾಕ್ಟರು ನನ್ನನ್ನು ಕರೆದು ಇಂಗ್ಲಿಷಿನಲ್ಲಿ ಹೇಳಿದರು: ‘ಇಟ್ಸ್ ಟೈಮ್ ಟು ಥ್ರೋ ಇನ್ ದಿ ಟವೆಲ್.’

‘ಓಕೆ ಡಾಕ್ಟರ್’ ಅಂದೆ. (ಇಂಗ್ಲಿಷಿನಲ್ಲಿ ಯಾರು ಏನೇ ಹೇಳಲಿ, ಮೊದಲು ಓಕೆ ಅನ್ನುವುದು ನನಗಂಟಿದ ರೋಗ.)

ಒಳಗೆ ಐಸಿಯುನಲ್ಲಿದ್ದವರು ನನ್ನ ಭಾವ. ಚನ್ನಪಟ್ಟಣದಲ್ಲಿ ಬೊಂಬೆ ಮಾಡುವವರು. ಕೆಲಸದ ಮಧ್ಯೆಯೇ ಮೆದುಳಿನಲ್ಲಿ ರಕ್ತಸ್ರಾವವಾಗಿ ಕುಸಿದಿದ್ದರು. ಐದು ದಿನದಿಂದ ವೆಂಟಿಲೇಟರ್. ಅಕ್ಕನಿಗೆ ಇಂಗ್ಲಿಷ್ ಬರದು. ಪಕ್ಕದಲ್ಲೇ ನಿಂತು ನನ್ನ ಮುಖವನ್ನೇ ನೋಡುತ್ತಿದ್ದಳು.

ಡಾಕ್ಟರು ಹೇಳಿದ ಮಾತು ಬಾಕ್ಸಿಂಗಿನದು. ಹೊಡೆತ ತಿನ್ನುವವನು ಟವೆಲ್ ಎಸೆಯುವುದಿಲ್ಲ. ಹಗ್ಗದಾಚೆ ನಿಂತ ಅವನ ಕಡೆಯವನು ಎಸೆಯುತ್ತಾನೆ, ಸಾಕು, ಸೋತೆವು ಅಂತ. ಇದನ್ನು ಅಕ್ಕನಿಗೆ ಯಾವ ಬಾಯಲ್ಲಿ ಹೇಳುವುದು?

ನಮ್ಮ ಕಡೆ ಟವೆಲ್ ಎಸೆಯುವುದು ಬಸ್ಸಿನ ಕಿಟಕಿಯಿಂದ, ಸೀಟು ಹಿಡಿಯಲು. ಅದರಲ್ಲಿ ಭಾವನದು ಎತ್ತಿದ ಕೈ. ಬಸ್ಸು ಸ್ಟ್ಯಾಂಡಿಗೆ ಬರುತ್ತಿದ್ದಂತೆ ಅವರ ಹೆಗಲ ಟವೆಲ್ ಸೀಟಿನ ಮೇಲಿರುತ್ತಿತ್ತು. ಅಕ್ಕ ನಿಧಾನಕ್ಕೆ ಹತ್ತಿ ಕೂರುತ್ತಿದ್ದಳು.

ಆಸ್ಪತ್ರೆಗೆ ಬಂದ ಎರಡನೇ ದಿನವೇ ಅವಳು ಜನರಲ್ ವಾರ್ಡಿನಲ್ಲಿ ಕಿಟಕಿ ಪಕ್ಕದ ಖಾಲಿ ಬೆಡ್ಡಿನ ಮೇಲೆ ಅದೇ ಟವೆಲ್ ಹಾಸಿದ್ದಳು. ‘ಐಸಿಯುನಿಂದ ಈಚೆಗೆ ಬಂದ್ಮೇಲೆ ಅವರಿಗೆ ಒಸಿ ಗಾಳಿ ಬೇಕು ಕಣೋ’ ಅಂದಿದ್ದಳು. ನರ್ಸುಗಳು ನಕ್ಕು ಸುಮ್ಮನಾಗಿದ್ದರು. ನಾನೂ ನಕ್ಕಿದ್ದೆ. ಈಗ ನೆನೆದರೆ ನಾಚಿಕೆಯಾಗುತ್ತದೆ.

‘ಏನಂದ್ರು ಡಾಕ್ಟ್ರು?’ ಅಕ್ಕ ಕೇಳಿದಳು.

‘ಇನ್ನೆರಡು ದಿನ ನೋಡೋಣ ಅಂದ್ರು ಕಣಕ್ಕ.’

‘ಪೇಪರ್‌ನಲ್ಲಿ ಅಷ್ಟುದ್ದ ಬರೀತೀಯ, ನನ್ತಾವ ಒಂದು ಸುಳ್ಳು ಹೇಳಕ್ಕೆ ಬರಲ್ವಲ್ಲೋ ನಿಂಗೆ. ನೆಟ್ಟಗೆ ಹೇಳು.’

ಹೇಳಿದೆ. ಮಷೀನ್ ತೆಗೆಸಿ ಮನೆಗೆ ಕರೆದುಕೊಂಡು ಹೋಗುವುದೆಂದರೆ ಏನರ್ಥ ಅನ್ನುವುದನ್ನೂ ಹೇಳಿದೆ. ಅವಳು ಅಳಲಿಲ್ಲ. ಡಾಕ್ಟರನ್ನು ಒಂದೇ ಮಾತು ಕೇಳಿದಳು, ‘ಅವರಿಗೆ ನೋವಾಯ್ತದ ಸಾ?’

‘ಇಲ್ಲಮ್ಮ’ ಅಂದರು ಡಾಕ್ಟರು. (ಕನ್ನಡ ಬರುತ್ತಿತ್ತು ಅವರಿಗೆ.)

ಒಪ್ಪಿಗೆ ಪತ್ರಕ್ಕೆ ಸಹಿ ಮಾಡಿದ ಅಕ್ಕ ಸೀದಾ ಜನರಲ್ ವಾರ್ಡಿಗೆ ನಡೆದಳು. ಬೆಡ್ಡಿನ ಮೇಲಿದ್ದ ಟವೆಲ್ ತೆಗೆದು ಮಡಿಸಿದಳು. ಆಗಷ್ಟೇ ಸ್ಟ್ರೆಚರಿನಲ್ಲಿ ಬಂದಿದ್ದ ರೋಗಿಯ ಹೆಂಡತಿಗೆ, ‘ಇಲ್ಲಿ ಮಲಗಿಸ್ಕೊ ಕಣವ್ವ, ಗಾಳಿ ಚೆನ್ನಾಗೈತೆ’ ಅಂದಳು. ನನಗೆ ಅಲ್ಲಿ ನಿಲ್ಲಲಾಗದೆ ಹೊರಗೆ ಬಂದುಬಿಟ್ಟೆ.

ಭಾವ ಮನೆ ಮುಟ್ಟುವ ಮುಂಚೆಯೇ ಹೋದರು. ತಿಥಿಗೆ ಬಂದ ನೆಂಟರು ಊಟದ ಎಲೆ ಮುಂದೆ ಕೂತು ಮಾತಾಡಿಕೊಂಡರು: ‘ಏನೇ ಆಗ್ಲಿ, ಅಷ್ಟು ಬೇಗ ಸಹಿ ಹಾಕ್ಬುಟ್ಲಲ್ಲ.’ ಅಕ್ಕನಿಗೂ ಕೇಳಿಸಿತು. ಬಡಿಸುತ್ತಿದ್ದ ನಾನು ತಲೆ ಎತ್ತಲಿಲ್ಲ.

ಅವಳಿಗೆ ವಿಷಯ ತಿಳಿಯುವ ಮೊದಲೇ, ಅವಳನ್ನು ಒಂದು ಮಾತೂ ಕೇಳದೆ, ‘ಓಕೆ ಡಾಕ್ಟರ್’ ಅಂದವನು ನಾನಲ್ಲವೇ?